ಒಳಗ ಸರೀರಿ, ಸೀಟು ಖಾಲಿ ಐತಿ

ಈ ಫೋನಿಗೆ ನಮ್ಮ ಕಡೆಯ ಮಾತು ಬರುವುದಿಲ್ಲ. ‘ಐತಿ’ ಎಂದು ಒತ್ತಿದರೆ ‘ಅತಿ’ ಎಂದು ತಾನೇ ತಿದ್ದಿಕೊಳ್ಳುತ್ತದೆ. ಮೊಮ್ಮಗಳು ಸವಿತಾ ಕನ್ನಡದ ಅಕ್ಷರಗಳನ್ನು ಇದರೊಳಗೆ ಕೂರಿಸಿಕೊಟ್ಟು, “ಅಜ್ಜೀ, ಮೆತ್ತಗ ಒತ್ತು. ಅದೇನು ಟಿಕೆಟ್ ಮಷೀನ್ ಅಲ್ಲ” ಎಂದು ಬೈದು ಹೋಗಿದ್ದಾಳೆ. ತಿದ್ದಿ ತಿದ್ದಿ ಸಾಕಾಗಿ ಈಗ ನಾನೂ ಫೋನೂ ರಾಜಿಯಾಗಿದ್ದೇವೆ. ನಾನು ಬರೆಯಲು ಹೊರಟಿರುವುದೂ ಅತಿಯ ಸುದ್ದಿಯೇ.

ಮೊನ್ನೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಕಂಡಕ್ಟರ್ ಹುಡುಗಿಯರು ಸಿಕ್ಕರು. ಖಾಕಿ ಅಂಗಿಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ನಾನು ನಿವೃತ್ತ ಕಂಡಕ್ಟರ್ ಎಂದು ತಿಳಿದು, “ಅಮ್ಮಾರ, ನೀವು ಇಷ್ಟು ವರ್ಷ ಹೆಂಗ ಮಾಡಿದ್ರಿ? ನಮಗೂ ಏನರ ಹೇಳ್ರಿ” ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು, ಹತ್ತಿ ಹೋದರು. ಹೇಳುವುದು ನನ್ನ ಬಾಯಲ್ಲೇ ಉಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತರಬೇತಿಯಲ್ಲಿ ನಿಮಗೆ ಮಷೀನು ಒತ್ತುವುದು, ಊರು ದಾಟಿದಂತೆ ದರದ ಸ್ಟೇಜು ಬದಲಿಸುವುದು, ಲೆಕ್ಕ ಒಪ್ಪಿಸುವುದು ಎಲ್ಲ ಕಲಿಸಿರುತ್ತಾರೆ. ಮನುಷ್ಯರನ್ನು ಬಾಗಿಲಿನಿಂದ ಒಳಗೆ ಸರಿಸುವುದನ್ನು ಯಾರೂ ಕಲಿಸುವುದಿಲ್ಲ. ನನ್ನ ನೌಕರಿಯಲ್ಲಿ ನಾನು ಆಡಿದ ಮಾತನ್ನೆಲ್ಲ ತೂಗಿದರೆ ಅರ್ಧಕ್ಕಿಂತ ಹೆಚ್ಚು ತೂಗುವುದು ಒಂದೇ ಮಾತು, “ಒಳಗ ಸರೀರಿ.” ಅದರಷ್ಟು ಕಷ್ಟದ ಮಾತು ಇನ್ನೊಂದಿಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿತ್ತು.

ಮೊದಲ ಪಾಠ ಕಲಿಸಿದವರು ಸಿದ್ದಾಪುರದ ಕಡೆಯ ಒಬ್ಬ ಹಿರಿಯರು. ಆಗ ನಾನು ಹೊಸಬಳು, ಗಂಗಾವತಿಯಿಂದ ಹೋಗುವ ಬಸ್ಸಿನಲ್ಲಿದ್ದೆ. ಭತ್ತದ ನಾಟಿಯ ಕಾಲ. ಕೂಲಿಯ ಹೆಣ್ಣುಮಕ್ಕಳಿಂದ ಬಸ್ಸು ತುಂಬಿ ಹೋಗಿತ್ತು. ಈ ಹಿರಿಯರು ಒದ್ದೆ ಧೋತರ ಉಟ್ಟು ಬಾಗಿಲಲ್ಲೇ ಕಂಬದಂತೆ ನಿಂತಿದ್ದರು. ಒಳಗೆ ಸರಿಯಿರಿ ಎಂದು ಕೂಗಿ ಕೂಗಿ, ಕೊನೆಗೆ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದೆ. ಅವರು ಕಿರುಚಿದ ಕಿರುಚಿಗೆ, ಯಾರೋ ಚಕ್ರದಡಿ ಸಿಕ್ಕರೆಂದು ಡ್ರೈವರು ಬ್ರೇಕು ಒತ್ತಿಬಿಟ್ಟ.

“ಮಡಿಯೊಳಗ ಅದೀನಿ! ಮುಟ್ಟಿಬಿಟ್ಟೆಲ್ಲವ್ವಾ!” ಎನ್ನುತ್ತ ಅವರು ಇಳಿದು ನೇರ ಕಾಲುವೆಗೆ ಹೋದರು. ಹೋಗುವಾಗ ತಿರುಗಿ, “ಮುಟ್ಟಿದವರು ನೀವು, ಕಾಯೋರೂ ನೀವ” ಎಂದರು.

ಕಾದೆವು. ಅವರು ಮುಳುಗಿ ಎದ್ದು, ಮಂತ್ರ ಹೇಳಿ, ಮತ್ತೆ ಮುಳುಗಿದರು. ನೀರು ಹರಿದು ಬರುವ ಮೇಲುಗಡೆ, ಅದೇ ಕಾಲುವೆಯಲ್ಲಿ ಎಮ್ಮೆಗಳು ಹಾಯಾಗಿ ಬಿದ್ದಿದ್ದವು. ನಾಟಿಗೆ ಹೊರಟಿದ್ದ ಒಬ್ಬಾಕೆ ಕಿಟಕಿಯಿಂದ ತಲೆ ಹಾಕಿ, “ಏ ಅಜ್ಜಾ, ನಾವು ನಾಟಿ ಹಚ್ಚಿ ಕೊಯ್ಯಾಕ ಬಂದ್ರೂ ನಿನ್ನ ಜಳಕ ಮುಗಿಯಂಗಿಲ್ಲೇನ?” ಎಂದು ಕೂಗಿದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಇಂಥದ್ದಕ್ಕೆಲ್ಲ ನಗಬಹುದು ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಆಮೇಲೆ ನನ್ನನ್ನು ಯಲಬುರ್ಗಾ ಕೊಪ್ಪಳ ಮಾರ್ಗಕ್ಕೆ ಹಾಕಿದರು. ಆಗ ಕಾಗದದ ಟಿಕೆಟ್ಟು. ಕಟ್ಟಿನಿಂದ ಒಂದೊಂದೇ ಬಿಡಿಸಿ ಹರಿಯಬೇಕು. ನಾವೆಲ್ಲ ಹೆಬ್ಬೆರಳನ್ನು ನಾಲಗೆಗೆ ತಾಗಿಸಿಕೊಂಡೇ ಬಿಡಿಸುತ್ತಿದ್ದೆವು. ಯಾರಿಗೂ ಅದು ತಪ್ಪೆನಿಸಿರಲಿಲ್ಲ, ಮಲ್ಲೇಶಪ್ಪ ಸಾಹುಕಾರರು ನನ್ನ ಬಸ್ಸು ಹತ್ತುವ ತನಕ.

ಯಲಬುರ್ಗಾದಿಂದ ಆಚೆಗಿನ ಒಂದು ಊರಿನಲ್ಲಿ ಅವರದು ಕಿರಾಣಿ ಅಂಗಡಿ. ಬಿಳಿ ಅಂಗಿ, ಬಿಳಿ ಧೋತರ, ಹಣೆಯಲ್ಲಿ ವಿಭೂತಿ. ಪ್ರತಿ ಸೋಮವಾರ ಉಪವಾಸವಿದ್ದು ಕೊಪ್ಪಳಕ್ಕೆ ಪೂಜೆಗೆ ಹೋಗುತ್ತಿದ್ದರು. ಮುಂದಿನ ಸೀಟಿನ ಮೇಲೆ ತಮ್ಮ ಕಂಬಳಿ ಹಾಸಿ, ಪೂಜೆಗೂ ಕುಡಿಯಲೂ ತಮ್ಮ ಮನೆಯ ಬಾವಿಯ ನೀರು ತುಂಬಿದ ತಾಮ್ರದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಊರ ಹೊರಗಿನ ನೀರು ಅವರ ಬಾಯಿಗೆ ಬಿದ್ದದ್ದೇ ಇಲ್ಲವಂತೆ. ಅಂದು ನಾನು ಹೆಬ್ಬೆರಳು ನೆಕ್ಕಿ ಟಿಕೆಟ್ಟು ಹರಿದು ಚಾಚಿದೆ. ಅವರು ಹಾವು ಕಂಡಂತೆ ಹಿಂದೆ ಸರಿದರು.

“ತಾಯಿ, ಎಂಜಲ!”

ಕ್ಷಮಿಸಿ ಎಂದು ಇನ್ನೊಂದನ್ನು ಒಣ ಬೆರಳಿನಿಂದಲೇ ಬಿಡಿಸಿದೆ. ಅವರು ಟವೆಲ್ಲನ್ನು ಎರಡೂ ಕೈಯಲ್ಲಿ ಹರಡಿ ಹಿಡಿದು, “ಮ್ಯಾಲಿಂದ ಬಿಡ್ರಿ” ಎಂದರು. ಬಿಟ್ಟೆ. ಆಮೇಲೆ ದನಿ ತಗ್ಗಿಸಿ, ಬಹಳ ವಿನಯದಿಂದ ಕೇಳಿದರು, “ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಇವತ್ತ ಹೊರಗಿಲ್ಲಲ್ಲಾ?”

ನಮ್ಮ ಕಡೆ ಹೆಣ್ಣುಮಗಳು ಮುಟ್ಟಾದರೆ ‘ಹೊರಗ ಅದಾಳ’ ಎನ್ನುತ್ತಾರೆ. ನನ್ನ ತಾಯಿ ಕೂಡ ನನ್ನನ್ನು ನಾಲ್ಕು ಜನರ ನಡುವೆ ಅದನ್ನು ಕೇಳಿದವಳಲ್ಲ. ಸಿಟ್ಟು ಬರುವ ಮೊದಲು ನಾಲಗೆ ಓಡಿತು. “ನಾ ಹೊರಗ ನಿಂತ್ರ ಒಳಗ ಟಿಕೆಟ್ ಯಾರು ಹರಿಯೋರ್ರಿ, ಸಾವ್ಕಾರ್ರ?”

ಹಿಂದಿನ ಸೀಟಿನವರು ಕಿಸಕ್ಕೆಂದರು. ಸಾಹುಕಾರರು ಮಾತ್ರ ನಗಲಿಲ್ಲ. ಉತ್ತರ ಸಿಗಲಿಲ್ಲವೆಂದು ಕೊಪ್ಪಳದ ತನಕ ಟಿಕೆಟ್ಟನ್ನು ಟವೆಲ್ಲಿನಲ್ಲಿ ಹಾಗೇ ಹಿಡಿದು ಕೂತರು.

ಅಂದಿನಿಂದ ಪ್ರತಿ ಸೋಮವಾರ ಅದೇ ಪ್ರಶ್ನೆ. ಟಿಕೆಟ್ ಮಷೀನು ಬಂದಾಗ ಅತಿ ಖುಷಿಪಟ್ಟವರು ಅವರೇ. “ಛಲೋ ಆತ ನೋಡ್ರಿ. ಇದಕ್ಕ ಎಂಜಲಿಲ್ಲ, ಮುಟ್ಟಿಲ್ಲ” ಎಂದು ಮಷೀನಿಗೆ ಕೈ ಮುಗಿದರು. ಮಷೀನು ಮಡಿಯಾದರೂ ನನ್ನ ಮೇಲಿನ ಅನುಮಾನ ಹೋಗಲಿಲ್ಲ. ಕೊನೆಗೊಮ್ಮೆ, “ಸಾವ್ಕಾರ್ರ, ನನಗ ವಯಸ್ಸಾತು. ಇನ್ನ ಮುಂದ ನಾ ಕಾಯಂ ಒಳಗ” ಎಂದೆ. ಅವರು ನಿಜವಾಗಿಯೂ ನೆಮ್ಮದಿಯ ಉಸಿರು ಬಿಟ್ಟರು.

ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ಅದೇ ನನ್ನನ್ನು ಇಂದಿಗೂ ದಂಗುಬಡಿಸುವುದು. ತಕ್ಕಡಿಯಲ್ಲಿ ಮೋಸವಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಮೊಮ್ಮಗಳು ಭಾಗ್ಯ ಎಂದರೆ ಪ್ರಾಣ. ಅವಳು ಚಿಕ್ಕವಳಿದ್ದಾಗ ಸೋಮವಾರ ಜೊತೆಗೆ ಕರೆತಂದು, ತಮ್ಮ ಕಂಬಳಿಯ ಮೇಲೆಯೇ ಕಿಟಕಿಯ ಕಡೆ ಕೂರಿಸಿಕೊಂಡು, ಶೇಂಗಾ ಉಂಡೆ ಮುರಿದು ಕೊಡುವರು. ಇಳಿಯುವಾಗ ಅವಳ ಪುಟ್ಟ ಕೈ ಅವರ ಮುಷ್ಟಿಯೊಳಗೆ. “ಕಟ್ಟೆ ಐತಿ, ಹುಷಾರು” ಎನ್ನುತ್ತ ಇಳಿಸುವರು. ಅವಳನ್ನು ಡಿಗ್ರಿ ಓದಿಸಲು ಮಗ ಬೇಡವೆಂದಾಗ, “ನನ್ನ ಕೂಸು ಓದತೈತಿ” ಎಂದು ಹಟ ಹಿಡಿದವರೂ ಅವರೇ.

ನನ್ನ ಗಂಡ ತೀರಿಕೊಂಡದ್ದು ಆ ವರ್ಷಗಳಲ್ಲೇ. ರಜೆ ಮುಗಿಸಿ ಡಿಪೋಗೆ ಹೋದರೆ ನನ್ನ ಹೆಸರು ಬೆಳಗಿನ ಮೊದಲ ಟ್ರಿಪ್ಪಿನಿಂದ ಮಾಯವಾಗಿತ್ತು. ಕಂಟ್ರೋಲರ್ ಸಾಹೇಬರನ್ನು ಕೇಳಿದೆ. ಅವರು ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತ, “ನನಗ ಅಂಥಾದ್ದೇನಿಲ್ಲಮ್ಮ. ಡ್ರೈವರ್ ಮಂದಿ ಒಪ್ಪವಲ್ರು. ಬೆಳಿಗ್ಗೆದ್ದು ಮೊದಲ ನಿಮ್ಮ ಮಾರಿ ನೋಡಿ ಗಾಡಿ ಚಾಲೂ ಮಾಡಬೇಕಾಗ್ತದಂತ” ಎಂದರು. ಅಷ್ಟು ವರ್ಷ ಜೊತೆಗೆ ಚಹಾ ಕುಡಿದವರು, ನನ್ನ ಮನೆಯ ಹೋಳಿಗೆ ಉಂಡವರು ಅವರೆಲ್ಲ.

ಮೂಲೆಯಲ್ಲಿ ಸಹಿ ಹಾಕುತ್ತಿದ್ದ ಡ್ರೈವರ್ ಇಮಾಮಸಾಬರು ತಲೆ ಎತ್ತದೆ ಹೇಳಿದರು, “ಆ ಟ್ರಿಪ್ ನನಗ ಕೊಡ್ರಿ ಸಾಹೇಬ್ರ. ನಾ ಮುಂದ ನೋಡಿ ಗಾಡಿ ಹೊಡೀತೀನಿ. ಹಿಂದ ಯಾರು ಅದಾರ ಅಂತ ನೋಡಂಗಿಲ್ಲ.”

ಹಾಗೆ ನಾವಿಬ್ಬರೂ ಜೋಡಿಯಾದೆವು. ಬಸ್ಸು ಸಾಹುಕಾರರ ಊರಿನಲ್ಲೇ ರಾತ್ರಿ ತಂಗಿ ಬೆಳಿಗ್ಗೆ ಕೊಪ್ಪಳಕ್ಕೆ ಹೊರಡುತ್ತಿತ್ತು. ಆದರೆ ಇಮಾಮಸಾಬರೂ ನಿಯಮದವರೇ, ಸಾಹುಕಾರರಿಗಿಂತ ಒಂದು ಕೂದಲೂ ಕಡಿಮೆಯಿಲ್ಲ. ಪರಸ್ತ್ರೀಯ ಕೈಗೆ ಕೈ ತಾಗಬಾರದು. ಮುಖ ನೋಡಿ ಮಾತಾಡಬಾರದು. ಬಸ್ಸಿನಲ್ಲಿ ಸಿನಿಮಾ ಹಾಡು ಹಾಕಬಾರದು. ನಮ್ಮ ಮಾತುಕತೆಯೆಲ್ಲ ಮುಂದಿನ ಗಾಜಿನ ಮುಖಾಂತರ ನಡೆಯುತ್ತಿತ್ತು. ನಾನು ಬೇಕೆಂದೇ ಚಹಾದ ಲೋಟವನ್ನು ಕೈಗೆ ಕೊಡಲು ಹೋಗುವೆ.

“ತಗೋರಿ, ಆರತೈತಿ.”

“ನಕ್ಕೋ ಅಕ್ಕಾ. ಕೈಗೆ ಬ್ಯಾಡ, ಬಾನೆಟ್ ಮ್ಯಾಲ ಇಡ್ರಿ.”

“ಬಾನೆಟ್ ಕಾದ ಹಂಚಾಗೇತಿ.”

“ಆದರೂ ಅಲ್ಲೇ ಇಡ್ರಿ.”

ಮೂಗಿನ ಮುಂದೆ ಒಬ್ಬರು, ಬೆನ್ನ ಹಿಂದೆ ಒಬ್ಬರು. ಇಬ್ಬರು ಮಡಿವಂತರ ನಡುವೆ ನಾನು ಟಿಕೆಟ್ಟು ಕೊಡುತ್ತಿದ್ದೆ.

ಭಾಗ್ಯ ಡಿಗ್ರಿಗೆ ಸೇರಿ ದಿನವೂ ನಮ್ಮ ಬಸ್ಸಿಗೇ ಬರತೊಡಗಿದಳು. ಆಗಲೇ ಹೆಣ್ಣುಮಕ್ಕಳಿಗೆ ಟಿಕೆಟ್ಟು ಫ್ರೀ ಆಗಿ, ಮಧ್ಯಾಹ್ನದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮಾತ್ರ ಅರ್ಧ ಸೀಟು ಖಾಲಿ. ಆದರೂ ಕೆಲವು ದಿನ ಆ ಹುಡುಗಿ ಹಿಂದಿನ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದಳು. ಕಂಬಿಯನ್ನೂ ಹಿಡಿಯುತ್ತಿರಲಿಲ್ಲ. ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡು, ತಿರುವು ಬಂದಾಗ ಕಾಲು ಅಗಲಿಸಿ ತೂಗಾಡುತ್ತ ನಿಲ್ಲುವಳು. ವಾಂತಿ ಬರುವವರು ಬಾಗಿಲ ಹತ್ತಿರ ನಿಲ್ಲುವುದುಂಟು, ಇದೂ ಹಾಗೇ ಎಂದುಕೊಂಡೆ.

ಒಂದು ದಿನ, “ಒಳಗ ಸರಿಯವ್ವ, ಸೀಟು ಖಾಲಿ ಐತಿ. ಕುಂದ್ರು” ಎಂದೆ.

“ಬ್ಯಾಡ್ರಿ ಅಕ್ಕಾರ. ಹೊರಗದೀನಿ.”

“ಹೊರಗದ್ರ ಏನಾತು? ಅಜ್ಜ ಇವತ್ತ ಬಂದಿಲ್ಲಲ್ಲ.”

“ಅಜ್ಜ ಸೋಮವಾರ ಇದ ಬಸ್ಸಿಗೆ ಬರ್ತಾನಲ್ರಿ. ಸೀಟೆಲ್ಲಾ ಒಂದಕ್ಕೊಂದು ಕಬ್ಬಿಣದಾಗ ಕೂಡ್ಯಾವಂತ. ನಾ ಒಂದಕ್ಕ ಕುಂತ್ರ ಎಲ್ಲಾದಕ್ಕೂ ತಾಗತೈತಂತ.”

ನಾನು ಅವಳ ಮುಖವನ್ನೇ ನೋಡಿದೆ. ಗೇಲಿ ಮಾಡುತ್ತಿಲ್ಲ. ವಿಜ್ಞಾನ ಓದುವ ಹುಡುಗಿ.

“ಹಂಗಾರ ನೆಲ? ಅದೂ ಕಬ್ಬಿಣದ್ದ ಐತಿ. ಅದರ ಮ್ಯಾಲ ನಿಂತೀಯಲ್ಲ?”

“ಕಾಲಾಗ ಚಪ್ಪಲ್ ಅದಾವಲ್ರಿ. ರಬ್ಬರಿನವು.”

ಕರೆಂಟು ಹೊಡೆಯುವ ತಂತಿಗೂ ಈ ಹುಡುಗಿಗೂ ಆ ಮನೆಯಲ್ಲಿ ಒಂದೇ ಲೆಕ್ಕ ಎಂದು ನನಗೆ ತಿಳಿದದ್ದು ಆಗ. ಅದಕ್ಕಿಂತ ಹೆಚ್ಚಾಗಿ ಬೆಚ್ಚಿಸಿದ್ದು ಬೇರೆ. ಅಜ್ಜ ಎದುರಿಗಿಲ್ಲ, ಯಾರೂ ನೋಡುವವರಿಲ್ಲ, ಆದರೂ ನಿಂತಿದ್ದಳು. ಕಾಯುವವರು ಯಾರೂ ಬೇಕಿಲ್ಲದಂತೆ ಅವಳನ್ನು ಬೆಳೆಸಿದ್ದರು. ಅಂದು ನನಗೆ ತಮಾಷೆಯ ಮಾತು ಒಂದೂ ಹೊಳೆಯಲಿಲ್ಲ.

ಮುಂದೊಂದು ಸೋಮವಾರ ಅಜ್ಜ ಮೊಮ್ಮಗಳು ಇಬ್ಬರೂ ಬಸ್ಸಿನಲ್ಲಿದ್ದರು. ಅವರು ಮುಂದೆ ಕಂಬಳಿಯ ಮೇಲೆ, ಅವಳು ಹಿಂದಿನ ಬಾಗಿಲಲ್ಲಿ. ಅವಳಿಗೆ ಬೆಳಿಗ್ಗೆಯಿಂದ ಊಟವಿಲ್ಲ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಸೋಮವಾರ ಅಜ್ಜನ ಮನೆದೇವರ ಪೂಜೆ ಮುಗಿದು ಅವರು ಮನೆ ಬಿಡುವ ತನಕ ಹೊರಗಿದ್ದವರಿಗೆ ಯಾರೂ ನೀರು ಕೂಡ ಕೊಡುವಂತಿಲ್ಲವಂತೆ. ಅವರು ಮನೆ ಬಿಡುವ ಹೊತ್ತಿಗೆ ಇವಳೂ ಬಸ್ಸಿಗೆ ಓಡಿ ಬಂದಿದ್ದಳು.

ಕುಕನೂರು ದಾಟಿ ಸ್ವಲ್ಪ ದೂರಕ್ಕೆ ರಸ್ತೆಯಲ್ಲಿ ಒಂದು ದೊಡ್ಡ ಹಂಪು ಇತ್ತು. ಬಸ್ಸು ಹಾರಿ ಬಿತ್ತು. ಹಿಂದೆ ಧಪ್ ಎಂದಿತು. ತಿರುಗಿ ನೋಡಿದರೆ ಭಾಗ್ಯ ಬಾಗಿಲ ಮೆಟ್ಟಿಲ ಮೇಲೆ ಮುದುಡಿ ಬಿದ್ದಿದ್ದಳು. ಹಣೆ ಮೆಟ್ಟಿಲ ತುದಿಯ ಪಟ್ಟಿಗೆ ಹೊಡೆದು ರಕ್ತ ಇಳಿಯುತ್ತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು.

ಸೀಟಿ ಊದಿದೆ. ಬಸ್ಸು ನಿಂತಿತು. ಓಡಿ ಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಎತ್ತಿ ಮೇಲೆ ತರುವ ಶಕ್ತಿ ನನ್ನ ಸೊಂಟಕ್ಕಿರಲಿಲ್ಲ. ಬಸ್ಸಿನಲ್ಲಿದ್ದವರು ಹೆಚ್ಚಾಗಿ ಸಂತೆಗೆ ಹೊರಟ ಮುದುಕಿಯರು.

“ಸಾವ್ಕಾರ್ರ, ಬರ್ರಿ! ನಿಮ್ಮ ಕೂಸು! ಕಾಲ ಹಿಡೀರಿ, ಎತ್ತೂಣು!”

ಅವರು ಬಂದರು. ಹತ್ತಿರ ಬಂದು ನಿಂತರು. ಒಂದು ಕೈಯಲ್ಲಿ ತಂಬಿಗೆ. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದುಕೊಂಡಿದ್ದರು, ಕೆಸರಿನಲ್ಲಿ ನಡೆಯುವವರು ಬಟ್ಟೆ ಎತ್ತಿ ಹಿಡಿಯುವ ಹಾಗೆ. ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. “ಭಾಗ್ಯಾ, ಭಾಗ್ಯಾ, ಏಳವ್ವಾ” ಎನ್ನುತ್ತಿದ್ದರು. ಕೈ ಮಾತ್ರ ಕೆಳಗೆ ಬರಲಿಲ್ಲ.

“ನೀರರ ಕೊಡ್ರಿ! ಆ ತಂಬಿಗಿ ಕೊಡ್ರಿ ಇಲ್ಲೆ!”

“ಇದು... ಇದು ಪೂಜಾದ್ದು ತಾಯಿ.”

ನಾನು ಕೇಳಿದ್ದು ಸರಿಯೋ ತಪ್ಪೋ ಎಂದು ಸುತ್ತ ನೋಡಿದೆ. ಬದನೆಕಾಯಿ ಬುಟ್ಟಿಯ ಮುದುಕಿ ನನಗೇ ಬುದ್ಧಿ ಹೇಳಿದಳು, “ಪಾಪ, ಸಾವ್ಕಾರ್ರು ಉಪಾಸ ಅದಾರ. ಅವರಿಗೆ ಮುಟ್ಟಂತ ಹೇಳಬ್ಯಾಡವ್ವ.” ಇನ್ನಿಬ್ಬರು ತಲೆಯಾಡಿಸಿದರು. ಹುಡುಗಿಯ ರಕ್ತ ನನ್ನ ಖಾಕಿ ಸೀರೆಗೆ ಇಳಿಯುತ್ತಿರುವಾಗ ಆ ತಲೆಗಳು ಆಡಿದ್ದನ್ನು ನಾನು ಎಂದಿಗೂ ಮರೆಯಲಾರೆ. ಅಂದು ಬಸ್ಸಿನಲ್ಲಿ ಒಬ್ಬರೂ ದುಷ್ಟರಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಬಾಗಿಲು ಹೊರಗಿನಿಂದ ತೆರೆಯಿತು. ಇಮಾಮಸಾಬರು ಸುತ್ತು ಹಾಕಿ ಓಡಿ ಬಂದಿದ್ದರು. ಅಷ್ಟು ವರ್ಷ ಚಹಾದ ಲೋಟವನ್ನೂ ನನ್ನ ಕೈಯಿಂದ ತೆಗೆದುಕೊಳ್ಳದ ಮನುಷ್ಯ ಒಂದು ಮಾತಾಡಲಿಲ್ಲ. ನನ್ನ ತೊಡೆಯಿಂದ ಹುಡುಗಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು, ಮೆಟ್ಟಿಲು ಹತ್ತಿ, ಉದ್ದನೆಯ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಹೆಗಲ ಮೇಲಿನ ವಸ್ತ್ರ ಮಡಚಿ ಹಣೆಗೆ ಒತ್ತಿ, ನನ್ನ ಕೈಯನ್ನೇ ಹಿಡಿದು ಅದರ ಮೇಲಿಟ್ಟು, “ಒತ್ತಿ ಹಿಡೀರಿ ಅಕ್ಕಾ, ಬಿಡಬ್ಯಾಡ್ರಿ” ಎಂದರು. ಓಡಿ ಹೋಗಿ ಗಾಡಿ ತಿರುಗಿಸಿದರು.

ಬಸ್ಸು ಬಂದ ದಾರಿಯಲ್ಲೇ ಹಿಂದಕ್ಕೆ, ಕುಕನೂರಿನ ಆಸ್ಪತ್ರೆಗೆ ಹೋಯಿತು. ಡಾಕ್ಟರರು ಒಳಗೆ ಕರೆದುಕೊಂಡು ಹೊಲಿಗೆ ಹಾಕಿ, ಗ್ಲೂಕೋಸ್ ಏರಿಸಿದರು. “ಹೊಟ್ಟಿಗೆ ಏನೂ ತಿಂದಿಲ್ಲ ಈ ಹುಡುಗಿ” ಎಂದು ನನ್ನನ್ನೇ ಗದರಿದರು. ಸಾಹುಕಾರರು ಆಸ್ಪತ್ರೆಯ ಬಾಗಿಲು ದಾಟಲಿಲ್ಲ. ಬೇವಿನ ಗಿಡದ ಕೆಳಗೆ ತಂಬಿಗೆ ಹಿಡಿದು ಕೂತರು. ಅಂದು ಹೊರಗೆ ಕೂತವರು ಅವರು.

ಭಾಗ್ಯಳಿಗೆ ಎಚ್ಚರ ಬಂತು. ನಾನು ಬಗ್ಗಿ, “ಏನವ್ವ, ಹೆಂಗದಿ?” ಎಂದೆ. ಅವಳು ತುಟಿ ಒದ್ದೆ ಮಾಡಿಕೊಂಡು ಕೇಳಿದಳು, “ಅಕ್ಕಾರ, ಸೀಟಿಗೆ ರಕ್ತ ಹತ್ತೇತೇನ್ರಿ?”



ಮರುದಿನ ಕಂಟ್ರೋಲರ್ ಸಾಹೇಬರು ಇಬ್ಬರನ್ನೂ ಕರೆಸಿದರು. ಪೆನ್ನುಗಳು ಸಾಲಾಗಿಯೇ ಇದ್ದವು. “ಆಂಬುಲೆನ್ಸಿಗೆ ಫೋನ್ ಮಾಡಿ ಕಾಯಬೇಕಿತ್ತು. ಪ್ಯಾಸೆಂಜರ್ ತುಂಬಿದ ಬಸ್ಸು ರೂಟ್ ಬಿಟ್ಟು ಹಿಂದ ಹೋಗಂಗಿಲ್ಲ. ರೂಲ್ ಅಂದ್ರ ರೂಲ್.”

“ಸಾಹೇಬ್ರ, ನಮ್ಮ ಮಲ್ಲೇಶಪ್ಪ ಸಾವ್ಕಾರ್ರು ನಿಮಗೇನರ ಬೀಗರಾಗಬೇಕೇನ್ರಿ?” ಎಂದೆ.

“ಯಾವ ಮಲ್ಲೇಶಪ್ಪ?”

“ಇರಲಿ ಬಿಡ್ರಿ. ಹೋಲಿಕಿ ಐತಿ.”

ಇಮಾಮಸಾಬರಿಗೆ ಮೆಮೊ ಕೊಟ್ಟರು. ಅವರು ಉತ್ತರ ಬರೆದುಕೊಟ್ಟರು, ಅದು ಅಲ್ಲಿಗೇ ಮುಗಿಯಿತು. ಹೊರಗೆ ಬಂದಾಗ ನಾನು ತಡೆಯಲಾರದೆ ಕೇಳಿದೆ, “ನಿಮ್ಮ ನಿಯಮ ಎಲ್ಲಿ ಹೋಗಿತ್ರಿ ನಿನ್ನೆ?”

ಅವರು ಗಾಜು ಒರೆಸುತ್ತ, ಗಾಜಿಗೇ ಹೇಳಿದರು, “ಅದನ್ನ ನಾ ನನ್ನ ಕೈ ಕಟ್ಟಾಕ ಇಟ್ಕೊಂಡೀನಿ ಅಕ್ಕಾ. ಆ ಕೂಸಿನ ಜೀವಾ ಕಟ್ಟಾಕ ಅಲ್ಲ.”

ಆ ಖುಷಿಯಲ್ಲಿ ಚಹಾದ ಲೋಟವನ್ನು ಅವರ ಕೈಗೇ ಚಾಚಿದೆ. “ನಕ್ಕೋ ಅಕ್ಕಾ. ಬಾನೆಟ್ ಮ್ಯಾಲ” ಎಂದರು.

ಹೊಲಿಗೆ ಬಿಚ್ಚಿದ ಮೇಲೆ ಭಾಗ್ಯ ಮತ್ತೆ ಕಾಲೇಜಿಗೆ ಹೊರಟಳು. ಎಡಹುಬ್ಬಿನ ಮೇಲೆ ಗಾಯದ ಗುರುತು ಕೆಂಪಗೆ ಎದ್ದಿತ್ತು. ಕೆಲವು ದಿನ ಕೂತು ಬಂದಳು. ಒಂದು ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಬಾಗಿಲು, ಅದೇ ಮೆಟ್ಟಿಲ ಹತ್ತಿರ ನಿಂತಿದ್ದಾಳೆ. ನನಗೆ ಅವಳು ಬಿದ್ದ ದಿನಕ್ಕಿಂತಲೂ ಹೆಚ್ಚು ಗಾಬರಿಯಾದದ್ದು ಅಂದು. ಬುದ್ಧಿ ಹೇಳಿದರೆ ಕೇಳುವವಳಲ್ಲ. ವಿಜ್ಞಾನ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವಳ ಕೈ ಹಿಡಿದು ಎಳೆದುಕೊಂಡು ಮುಂದೆ ಬಂದೆ. ಬಾಗಿಲ ಪಕ್ಕದ ಕಂಡಕ್ಟರ್ ಸೀಟು ತೋರಿಸಿದೆ.

“ಇದು ಯಾರ ಸೀಟು ಹೇಳು?”

“ನಿಮ್ದು.”

“ನಾ ಗಂಡ ಸತ್ತಾಕಿ. ನನ್ನ ಮಾರಿ ನೋಡಿದ್ರ ಗಾಡಿ ಕೆಡತೈತಂತ ಇಡೀ ಡಿಪೋ ಹೇಳೇತಿ. ಅಂಥಾಕಿ ಇಷ್ಟು ವರ್ಷ ಕುಂತು ಕುಂತು ಈ ಸೀಟು ಕೆಟ್ಟು ಹಾಳಾಗಿ ಹೋಗೇತಿ. ಇದನ್ನ ಇನ್ನೂ ಕೆಡಸಾಕ ನಿನ್ನ ಕೈಲಿ ಆಕ್ಕೈತೇನ?”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗಿತು. ಆ ಹುಡುಗಿ ನಕ್ಕದ್ದನ್ನು ದೊಡ್ಡವಳಾದ ಮೇಲೆ ನಾನು ನೋಡಿದ್ದು ಅದೇ ಮೊದಲು. ಗಾಜಿನ ಕಡೆಯಿಂದ ಇಮಾಮಸಾಬರ ದನಿ ಬಂತು, “ಕುಂದ್ರವ್ವಾ. ಅಕ್ಕನ ಬಾಯಿಗೆ ಎದುರು ಹೇಳಬ್ಯಾಡ.”

ಕೂತಳು, ಸೀಟಿನ ತುದಿಯಲ್ಲಿ, ಮೊಟ್ಟೆಯ ಮೇಲೆ ಕೂತವಳಂತೆ. ಯಲಬುರ್ಗಾ ದಾಟಿದ ಮೇಲೆ ಸ್ವಲ್ಪ ಒಳಗೆ ಸರಿದಳು. ಕೊಪ್ಪಳ ಬರುವ ಹೊತ್ತಿಗೆ ಬೆನ್ನು ಆನಿಸಿ ನಿದ್ದೆ ಹೋಗಿದ್ದಳು. ನಾನು ಟಿಕೆಟ್ಟು ಕೊಟ್ಟು ಬಂದು ಅವಳ ಪಕ್ಕ ನಿಂತೇ ಇದ್ದೆ.

ಅಜ್ಜನಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ಸೋಮವಾರ ಬಂದೇ ಬಂತು.

ಅಂದು ಅವಳು ಮೊದಲೇ ಬಂದು ನನ್ನ ಸೀಟಿನಲ್ಲಿ ಕೂತು ಪುಸ್ತಕ ತೆರೆದಿದ್ದಳು. ಸಾಹುಕಾರರು ತಂಬಿಗೆ, ಕಂಬಳಿ ಹಿಡಿದು ಹತ್ತಿದರು. ಮೊಮ್ಮಗಳನ್ನು ಕಂಡು ನಿಂತರು. ಅವಳು ಹೊರಗಿರುವುದು ಅವರಿಗೆ ಮನೆಯಲ್ಲೇ ಗೊತ್ತಾಗಿತ್ತು, ಆದರೂ ಕೇಳಿದರು.

“ಭಾಗ್ಯಾ, ನೀ ಇವತ್ತ ಹೊರಗದಿಯಲ್ಲ?”

ಅವಳು ಎದ್ದು ಬಾಗಿಲಿಗೆ ಹೋಗುತ್ತಾಳೆ ಎಂದೇ ನಾನು ತಿಳಿದೆ. ಅವಳು ಪುಸ್ತಕದ ನಡುವೆ ಬೆರಳಿಟ್ಟು ಮುಚ್ಚಿದಳು.

“ಹೌದು ಅಜ್ಜಾ. ಹೊರಗದೀನಿ. ಒಳಗ ಕುಂತೀನಿ.”

ಬಸ್ಸೆಲ್ಲ ದಂಗಾಯಿತು. ಎಲ್ಲರಿಗಿಂತ ಹೆಚ್ಚು ದಂಗಾದವಳು ನಾನು. ಈ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.

ಸಾಹುಕಾರರು ಇಳಿದು ಹೋದರೆ ಪೂಜೆ ತಪ್ಪುತ್ತದೆ. ಸೀಟುಗಳೆಲ್ಲ ಕಬ್ಬಿಣದಿಂದ ಕೂಡಿದ್ದವು, ಯಾವುದರಲ್ಲೂ ಕೂರುವಂತಿಲ್ಲ. ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ತಂಬಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತರು. ಸುತ್ತ ಸೀಟುಗಳು ಖಾಲಿ ಇದ್ದವು. ಇಮಾಮಸಾಬರು ಗಾಡಿಯನ್ನು ಹಸುಗೂಸಿನ ತೊಟ್ಟಿಲಿನಂತೆ ನಡೆಸುತ್ತಿದ್ದರು.

ಕುಕನೂರು ದಾಟುವ ಹೊತ್ತಿಗೆ ಅವರಿಗೆ ಟಿಕೆಟ್ಟು ತೆಗೆದೆ. ಟವೆಲ್ಲು ಹರಡಲು ಅವರಿಗೆ ಕೈಯಿರಲಿಲ್ಲ.

“ಎಲ್ಲಿಡ್ಲಿ ಸಾವ್ಕಾರ್ರ?”

ಕಂಬಿ ಹಿಡಿದ ಬೆರಳುಗಳ ಸಂದಿಯಲ್ಲೇ ಸಿಕ್ಕಿಸಿದೆ. “ನಾ ಕಾಯಂ ಒಳಗದೀನಿ. ಅಂಜಬ್ಯಾಡ್ರಿ” ಎಂದೆ.

ಟಿಕೆಟ್ಟಿನಿಂದಲೋ ಏನೋ, ಅವರ ಕಣ್ಣು ಆ ಕಂಬಿಯ ಮೇಲೆ ಹೋಯಿತು. ಕಂಬಿಯ ಗುಂಟ ಸರಿದು, ಅದು ಕೆಳಗಿಳಿಯುವ ಕಂಬಕ್ಕೆ ಬಂತು. ಕಂಬದಿಂದ ಇಳಿದು ಅದರ ಬುಡಕ್ಕೆ, ಅಲ್ಲಿಂದ ಅದಕ್ಕೇ ಬೆಸೆದಿದ್ದ ನನ್ನ ಸೀಟಿನ ಚೌಕಟ್ಟಿಗೆ, ಅಲ್ಲಿ ಕೂತಿದ್ದ ಮೊಮ್ಮಗಳಿಗೆ. ಬೆಂಕಿ ಮುಟ್ಟಿದವರಂತೆ ಕಂಬಿಯನ್ನು ಬಿಟ್ಟುಬಿಟ್ಟರು.

ಅದೇ ಗಳಿಗೆಗೆ ಕುಕನೂರಿನ ಆಚೆಗಿನ ಹಂಪು ಬಂತು. ಇಮಾಮಸಾಬರು ಎಷ್ಟು ಮೆಲ್ಲಗೆ ಹತ್ತಿಸಿದರೂ ಬಸ್ಸು ಎದ್ದು ಬಿತ್ತು. ತಂಬಿಗೆ ಕೈತಪ್ಪಿ ಠಣಾರ್ ಎಂದು ಉರುಳಿ ನೀರೆಲ್ಲ ಚೆಲ್ಲಿತು. ಸಾಹುಕಾರರ ಕಾಲು ಒದ್ದೆ ನೆಲದ ಮೇಲೆ ಜಾರಿತು. ನಾನು ಕೈ ಚಾಚುವಷ್ಟರಲ್ಲಿ ಭಾಗ್ಯ ಎದ್ದು ಎರಡೂ ಕೈಯಿಂದ ಅವರ ಮುಂಗೈಯನ್ನು ಹಿಡಿದಿದ್ದಳು.

“ಹಿಡ್ಕೋ ಅಜ್ಜಾ! ಗಟ್ಟಿ ಹಿಡ್ಕೋ!”

ಅವರು ನೆಟ್ಟಗಾದರು. ಈಗ ಕೈ ಕೊಸರಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಅವಳ ಕೈಯನ್ನು ನೋಡಿದರು. ಅವಳ ಹುಬ್ಬಿನ ಮೇಲಿನ ಗುರುತನ್ನು ನೋಡಿದರು. ಅಷ್ಟು ದಿನ ಅದನ್ನು ಹತ್ತಿರದಿಂದ ನೋಡಿರಲಿಲ್ಲವೇನೋ. ಬಹಳ ಹೊತ್ತು ನೋಡಿದರು.

“ಒಳಗ ಸರೀರಿ ಸಾವ್ಕಾರ್ರ. ಸೀಟು ಖಾಲಿ ಐತಿ” ಎಂದೆ.

ಅವರು ಕೂರಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಉಳಿದ ದಾರಿಯೆಲ್ಲ ಅವಳು ಕೂತು, ಅವರು ನಿಂತು, ನಡುವೆ ಎರಡು ಕೈ. ಅಂದೂ ಬಸ್ಸಿನಲ್ಲಿದ್ದ ಬದನೆಕಾಯಿಯ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೊಪ್ಪಳದಲ್ಲಿ ಬಸ್ಸು ನಿಂತಿತು. ಇಳಿಯುವಾಗ ಸಾಹುಕಾರರು ಅಭ್ಯಾಸದಂತೆ, “ಕಟ್ಟೆ ಐತಿ, ಹುಷಾರು” ಎಂದರು. ಮೊದಲು ಅವಳನ್ನು ಇಳಿಸಿದರು. ಆಮೇಲೆ ಖಾಲಿ ತಂಬಿಗೆ ಹಿಡಿದು ನೇರ ನಿಲ್ದಾಣದ ನಲ್ಲಿಗೆ ನಡೆದರು. ಊರ ಹೊರಗಿನ ನೀರನ್ನು ಎಂದೂ ಕುಡಿಯದವರು ನಲ್ಲಿ ತಿರುವಿ, ಮೊಳಕೈಯ ತನಕ ಕೈ ತೊಳೆಯತೊಡಗಿದರು. ತಿಕ್ಕಿ ತಿಕ್ಕಿ ತೊಳೆದರು.

ಭಾಗ್ಯ ನೋಡಬಾರದೆಂದು ಅವಳಿಗೆ ಅಡ್ಡ ನಿಂತೆ. ಅವಳು ನನ್ನ ಭುಜದ ಮೇಲಿಂದ ಆಗಲೇ ನೋಡಿದ್ದಳು.

“ತೊಳ್ಕೊಳ್ಳಲಿ ಬಿಡ್ರಿ ಅಕ್ಕಾರ” ಎಂದಳು. “ಕೈ ಬಿಡಲಿಲ್ಲಲ್ಲ.”